ಸುಳ್ಯ: ಪಯಸ್ವಿನಿಯ ದಡದ ಪುಟ್ಟ ಪೇಟೆ

ದೊಡ್ಡ ನಗರಗಳ ಚರಿತ್ರೆಯನ್ನು ಬರೆಯುವವರು ಬಹುಮಂದಿ. ಸಣ್ಣ ಊರುಗಳ ಚರಿತ್ರೆಯಾದರೋ ಹಿರಿಯರ ನಾಲಗೆಯ ಮೇಲೆ ಉಳಿದರೆ ಉಳಿಯಿತು, ಇಲ್ಲವಾದರೆ ಅಳಿಯಿತು. ಆದುದರಿಂದ ಈ ತಿಂಗಳು ನಮ್ಮ ವಾಚಕರನ್ನು ದಕ್ಷಿಣ ಕನ್ನಡದ ತೆಂಕಣ ಮೂಲೆಯ ಸುಳ್ಯಕ್ಕೆ ಕರೆದೊಯ್ಯಬೇಕೆಂದು ಮನಸ್ಸು ಮಾಡಿದ್ದೇವೆ.

ಪುತ್ತೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಘಟ್ಟವನ್ನೇರುವುದಕ್ಕೆ ಮುಂಚೆ ಸಿಕ್ಕುವ ಪೇಟೆಯಿದು. ಆಡಳಿತವು ಪಟ್ಟಣ ಪಂಚಾಯತಿನದು. ಪಯಸ್ವಿನಿ ನದಿಯು ಕೊಡಗಿನ ಬೆಟ್ಟಗಳಿಂದ ಸಂಪಾಜೆಯ ಮಾರ್ಗವಾಗಿ ಇಳಿದು, ಈ ಊರಿನ ಬದಿಯಲ್ಲಿ ಹರಿದು, ಮುಂದೆ ಕಾಸರಗೋಡಿನ ಸೀಮೆಯಲ್ಲಿ ಚಂದ್ರಗಿರಿ ಎನಿಸಿಕೊಂಡು ಕಡಲನ್ನು ಸೇರುವುದು. ಹೊಳೆಯಂತೆಯೇ ಊರಿನ ಬಾಳೂ ಹಲವು ಸೀಮೆಗಳಿಗೆ ಸೇರಿದುದು. ಪೇಟೆಯ ಬೀದಿಯಲ್ಲಿ ಒಂದು ಗಳಿಗೆ ನಿಂತರೆ ಕನ್ನಡ, ತುಳು, ಅರೆಭಾಷೆ, ಮಲೆಯಾಳ, ಬ್ಯಾರಿ, ಕೊಂಕಣಿ ಎಲ್ಲವೂ ಕಿವಿಗೆ ಬೀಳುವುವು. ಚೆನ್ನಕೇಶವ ದೇವರ ಜಾತ್ರೆಗೆ ಸುತ್ತಲಿನ ಹಳ್ಳಿಗಳೆಲ್ಲ ನೆರೆಯುವುವು.

ಇಷ್ಟು ಶಾಂತವಾದ ಊರಿನ ಹಿಂದೆ ಒಂದು ಉಗ್ರವಾದ ಕಥೆಯುಂಟು. ಅಮರಸುಳ್ಯ ಮಾಗಣೆಯು ಹಿಂದೆ ಕೊಡಗಿನ ಅರಸರ ಕೈಕೆಳಗಿದ್ದಿತು. 1834ರಲ್ಲಿ ಇಂಗ್ಲಿಷ್ ಕಂಪೆನಿಯವರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತನನ್ನಾಗಿ ಮಾಡಿ, ಕೊಡಗನ್ನು ವಶಪಡಿಸಿಕೊಂಡು, ಈ ಭಾಗವನ್ನು ಕನ್ನಡ ಜಿಲ್ಲೆಗೆ ಸೇರಿಸಿದರು. ಅರಸರ ಕಾಲದಲ್ಲಿ ರೈತನು ತೆರಿಗೆಯನ್ನು ಬೆಳೆಯ ರೂಪದಲ್ಲಿ ಅಳೆದು ಕೊಡುತ್ತಿದ್ದನು. ಕಂಪೆನಿಯವರು ನಾಣ್ಯವನ್ನೇ ಕೇಳಿದರು. ಕಣಜದಲ್ಲಿ ಭತ್ತವಿದ್ದರೂ ಕೈಯಲ್ಲಿ ಕಾಸಿಲ್ಲದವನು ಮಾಡುವುದೇನು? ಅಸಮಾಧಾನವು ಹೊಗೆಯಾಡಿ, 1837ರಲ್ಲಿ ಉರಿಯಾಗಿ ಎದ್ದಿತು. ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಜನರು ಒಟ್ಟುಗೂಡಿ, ಮಾರ್ಚ್ ತಿಂಗಳ ಕೊನೆಯಲ್ಲಿ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್ ಮೊದಲಲ್ಲಿ ಮಂಗಳೂರನ್ನೇ ಹೊಕ್ಕರು. ಅಲ್ಲಿಯ ಬಾವುಟಗುಡ್ಡೆಯಲ್ಲಿ ಅವರ ಧ್ವಜವೇರಿತು. ಆದರೆ ಹೊರಗಿನಿಂದ ಕಂಪೆನಿಯ ಸೈನ್ಯವು ಬಂದಿಳಿದ ಮೇಲೆ ಆ ಜಯವು ನಿಲ್ಲಲಿಲ್ಲ. ಮುಖಂಡರಲ್ಲಿ ಕೆಲವರಿಗೆ ಗಲ್ಲಾಯಿತು, ಕೆಲವರು ಗಡೀಪಾರಾದರು.

ಬಹುಕಾಲ ಈ ಘಟನೆಗೆ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹಗುರವಾದ ಹೆಸರೇ ನಡೆದುಬಂದಿತು. ಕುಳ್ಕುಂದದಲ್ಲಿ ಹುಟ್ಟಿದ ಕಾದಂಬರಿಕಾರ ನಿರಂಜನರು ‘ಕಲ್ಯಾಣಸ್ವಾಮಿ’ಯನ್ನು ಬರೆದು ಈ ಕಥೆಗೆ ಗೌರವದ ಸ್ಥಾನವನ್ನು ಕೊಟ್ಟರು. 2022ರಲ್ಲಿ ಬಾವುಟಗುಡ್ಡೆಯಲ್ಲಿಯೇ ರಾಮಯ್ಯ ಗೌಡರ ಪ್ರತಿಮೆಯು ನಿಂತಿತು. ಹೆಸರು ಬದಲಾಗುವುದಕ್ಕೆ ಎಷ್ಟು ತಲೆಮಾರುಗಳು ಬೇಕಾದುವೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ.

ಮೊದಲು ಪುತ್ತೂರು ತಾಲೂಕಿನ ಅಂಗವಾಗಿದ್ದ ಸುಳ್ಯವು ಆಮೇಲೆ ತಾನೇ ತಾಲೂಕಾಯಿತು. ಈಚೆಗೆ ಇವೆರಡರ ಗ್ರಾಮಗಳನ್ನು ಕೂಡಿಸಿ ಕಡಬ ತಾಲೂಕನ್ನು ರಚಿಸಿರುವರು. ಕುರುಂಜಿ ವೆಂಕಟರಮಣ ಗೌಡರ ಉದ್ಯಮದಿಂದ 1976ರಲ್ಲಿ ನೆಹರೂ ಸ್ಮಾರಕ ಮಹಾವಿದ್ಯಾಲಯವೂ, 1986ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಇಲ್ಲಿ ತಲೆಯೆತ್ತಿದುವು. ಹಳ್ಳಿಯ ಮಕ್ಕಳಿಗೆ ವಿದ್ಯೆಯು ಮನೆಯ ಬಾಗಿಲಿಗೇ ಬಂದಂತಾಯಿತು.

ಆದರೆ ಈ ಸೀಮೆಯ ಅನ್ನವಿರುವುದು ಅಡಿಕೆಯ ತೋಟದಲ್ಲಿ. ಸಂಪಾಜೆ, ಅರಂತೋಡುಗಳ ಕಡೆ ಹಳದಿ ಎಲೆ ರೋಗವು ತೋಟಗಳನ್ನು ಬಡವಾಗಿಸಿರುವುದು. ಸೋಗೆಯು ತುದಿಯಿಂದ ಹಳದಿಯಾಗಿ, ಎಳೆಗಾಯಿ ಉದುರಿ, ಉಳಿದ ಅಡಿಕೆಯ ತಿರುಳು ಮೆತ್ತಗಾಗುವುದು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಯನ್ನು ಒಂದು ಜಿಗಿಹುಳುವು ಮರದಿಂದ ಮರಕ್ಕೆ ಒಯ್ಯುವುದರಿಂದ ಈ ರೋಗವು ಹಬ್ಬುವುದೆಂದು ಶೋಧಕರು ಹೇಳುತ್ತಾರೆ. ಇದನ್ನು ಪೂರ್ಣವಾಗಿ ಗುಣಪಡಿಸುವ ಮದ್ದಿಲ್ಲ. ರೋಗವನ್ನು ತಾಳಬಲ್ಲ ತಳಿಯ ಹುಡುಕಾಟವು ನಡೆದಿದೆ. ಅಡಿಕೆಯನ್ನು ನೆಟ್ಟವನು ಫಲಕ್ಕಾಗಿ ವರ್ಷಗಟ್ಟಲೆ ಕಾಯಬೇಕು; ತಂದೆ ನೆಟ್ಟ ತೋಟವು ಮಗನ ಕಣ್ಣೆದುರಿಗೇ ಸೊರಗಿದರೆ ಆ ಸಂಸಾರದ ದುಃಖವನ್ನು ಬಣ್ಣಿಸಬೇಕೆ?

ಅಂದು ರೈತನಿಗೆ ಬೆಳೆಯಿದ್ದು ಹಣವಿಲ್ಲದೆ ಕಷ್ಟವಾಯಿತು. ಇಂದು ಹಣವನ್ನು ತರುವ ಒಂದೇ ಬೆಳೆಯನ್ನು ನೆಚ್ಚಿದುದರಿಂದ ಕಷ್ಟವಾಗಿದೆ. ತೋಟದಲ್ಲಿ ಮೆಣಸು, ಕೊಕ್ಕೋ, ಬಾಳೆಗಳನ್ನು ಕೂಡಿಸಿ ಬೆಳೆಸುವ ಮನೆಗಳು ಸ್ವಲ್ಪ ನೆಮ್ಮದಿಯಿಂದಿರುವುವು. ಒಂದೇ ಕಂಬದ ಮೇಲೆ ಚಪ್ಪರವನ್ನು ಹಾಕಬಾರದೆಂಬುದು ಸುಳ್ಯದವರಿಗೆ ಮಾತ್ರವಲ್ಲ, ಗೃಹಸ್ಥರೆಲ್ಲರಿಗೂ ಸಲ್ಲುವ ಮಾತೆಂದು ನಾವು ತಿಳಿಯುತ್ತೇವೆ.