ಯೀಸ್ಟಿಗೆ ಬೆಳೆಯಲು ಹೇಳುವವರು ಯಾರು?

ಆಯನೂರಿನಲ್ಲಿ ಸಾಗರ ರಸ್ತೆಯ ಬದಿಗೆ ನಮ್ಮದೊಂದು ಸಣ್ಣ ಬೇಕರಿ. ಮಳೆಗಾಲದ ಥಂಡಿಗೆ ಬನ್ನಿನ ಹಿಟ್ಟು ನಿಧಾನಕ್ಕೆ ಉಬ್ಬುತ್ತದೆ, ಏಪ್ರಿಲ್ ಸೆಕೆಗೆ ಬೇಗ. ಉಬ್ಬಿಸುವ ಯೀಸ್ಟು ಒಂದೇ ಜೀವಕೋಶದ ಶಿಲೀಂಧ್ರ. ಊಟ, ಬಿಸಿ ಹದವಾಗಿದ್ದರೆ ಸುಮಾರು 90 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಎರಡಾಗುವುದೆಂದರೆ ಪ್ರೋಟೀನು, ಡಿಎನ್‌ಎ ಎಲ್ಲವನ್ನೂ ಹೊಸದಾಗಿ ಕಟ್ಟುವುದು. ಸಾಮಗ್ರಿ ಸಾಲದೆ ಶುರು ಮಾಡಿದರೆ ಕೋಶವೇ ಕೆಡುತ್ತದೆ. ಹಾಗಾದರೆ ಬೆಳೆಯಲು ಇದು ಸಕಾಲವೆಂದು ಅದಕ್ಕೆ ತಿಳಿಯುವುದು ಹೇಗೆ?

ಬೆಂಗಳೂರಿನ ಜಿಕೆವಿಕೆ ಆವರಣದ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಸುನಿಲ್ ಲಕ್ಷ್ಮಣ್ ಅವರ ಪ್ರಯೋಗಾಲಯ ಬೆನ್ನು ಹತ್ತಿರುವುದು ಇದನ್ನೇ. ಅದಕ್ಕೂ ಮೊದಲು ಅವರು ಡಲ್ಲಾಸ್‌ನಲ್ಲಿ ಬೆಂಜಮಿನ್ ಟೂ ಅವರ ತಂಡದಲ್ಲಿದ್ದರು. ಆ ತಂಡ 2013ರಲ್ಲಿ ತೋರಿಸಿದ್ದು ನನಗೆ ಬಹಳ ಹಿಡಿಸಿದ ಸಂಗತಿ: ಗಂಧಕವಿರುವ ಮೆಥಿಯೊನಿನ್ ಎಂಬ ಅಮೈನೋ ಆಮ್ಲ ಯೀಸ್ಟಿಗೆ ಆಹಾರವಷ್ಟೇ ಅಲ್ಲ, ಸುದ್ದಿಯೂ ಹೌದು. ಅದು ಸಾಕಷ್ಟಿದ್ದರೆ ಕೋಶ ತನ್ನದೇ ಭಾಗಗಳನ್ನು ಅರಗಿಸಿಕೊಳ್ಳುವುದನ್ನು ನಿಲ್ಲಿಸಿ ಬೆಳವಣಿಗೆಗೆ ತೊಡಗುತ್ತದೆ. ಬೆಂಗಳೂರಿನ ತಂಡ ಮುಂದೆ ಮೆಥಿಯೊನಿನ್ ಯಾವ ಯಾವ ಕಟ್ಟುವ ಕೆಲಸಗಳನ್ನು ಚಾಲೂ ಮಾಡುತ್ತದೆ ಎಂದು ಬಿಡಿಸಿತು.

ಇಂಥ ಸುದ್ದಿ ಕೇಳಿ ಬೆಳವಣಿಗೆಯನ್ನು ಚಾಲೂ ಮಾಡುವ ಮುಖ್ಯ ಗುಂಡಿ ಟಾರ್ ಎಂಬ ಪ್ರೋಟೀನು. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕ ರಾಪಾಮೈಸಿನ್ ಔಷಧ ಯೀಸ್ಟಿನ ಬೆಳವಣಿಗೆಯನ್ನು ನಿಲ್ಲಿಸುತ್ತಿತ್ತು. ಅದರ ಜಾಡು ಹಿಡಿದೇ 1991ರಲ್ಲಿ ಬಾಸೆಲ್‌ನಲ್ಲಿ ಟಾರ್ ವಂಶವಾಹಿಗಳು ಪತ್ತೆಯಾದವು. ನಮ್ಮ ಮೈಯ ಕೋಶಗಳಲ್ಲೂ ಅದೇ ಗುಂಡಿಯಿದೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರಲ್ಲಿ ಕೆಲವರು ಇವತ್ತು ನುಂಗುವ ಸಿರೊಲಿಮಸ್ ಮಾತ್ರೆ ಆ ರಾಪಾಮೈಸಿನ್ನೇ.