ತೆಂಗಿನ ಬೇರಿಗೆ ಗ್ಲೂಕೋಸ್ ಬಾಟಲಿ

ಕೇರಳದಲ್ಲಿ 1998ರಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಬಹುಬೇಗ ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗೂ ಹಬ್ಬಿತು. ಬರಿಗಣ್ಣಿಗೆ ಕಾಣದ ಈ ಜೀವಿ ಎಳೆಗಾಯಿಯ ತೊಟ್ಟಿನಡಿ ಸೇರಿ ರಸ ಹೀರುತ್ತದೆ. ಹರಳು ಉದುರುತ್ತವೆ, ಉಳಿದ ಕಾಯಿ ಕಂದುಗಟ್ಟಿ ಸಣ್ಣದಾಗುತ್ತದೆ. ಎತ್ತರದ ಮರಕ್ಕೆ ಸಿಂಪಡಿಸುವುದೇ ಪ್ರಯಾಸ, ಸಿಂಪಡಿಸಿದರೂ ಔಷಧಿ ತೊಟ್ಟಿನಡಿಗೆ ಇಳಿಯುವುದು ಕಡಿಮೆ.

ಇಂಥಲ್ಲಿ ಬೇರಿನ ಮೂಲಕ ಔಷಧಿ ಉಣಿಸುವ ಕ್ರಮವಿದೆ. "ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿ ಹಾಕಿದ ಹಾಗೆ" ಎಂದರೆ ಯಾರಿಗಾದರೂ ಅರ್ಥವಾದೀತು. ಬುಡದಿಂದ ಎರಡು ಮೂರು ಅಡಿ ದೂರದಲ್ಲಿ ಮಣ್ಣು ಬಿಡಿಸಿ, ಪೆನ್ಸಿಲ್ ದಪ್ಪದ ಜೀವಂತ ಬೇರಿನ ತುದಿಯನ್ನು ಓರೆಯಾಗಿ ಕತ್ತರಿಸಬೇಕು. 10,000 ಪಿ.ಪಿ.ಎಂ. ಬೇವಿನ ಔಷಧಿ 10 ಮಿ.ಲೀ., ಅಷ್ಟೇ ನೀರು ಬೆರೆಸಿ ಪಾಲಿಥೀನ್ ಚೀಲಕ್ಕೆ ಹಾಕಿ, ತುದಿ ಅದರೊಳಗೆ ಮುಳುಗುವಂತೆ ದಾರದಿಂದ ಕಟ್ಟಬೇಕು.

ಆದರೆ ಈ ಹೋಲಿಕೆಯನ್ನು ಪೂರ್ತಿ ನಂಬಬಾರದು. ಮನುಷ್ಯನಿಗೆ ಹೃದಯವಿದೆ, ರಕ್ತ ಸುತ್ತುತ್ತದೆ. ಮರಕ್ಕೆ ಅದಿಲ್ಲ. ಗರಿಗಳಿಂದ ನೀರು ಆವಿಯಾದಂತೆ ಬೇರು ಮೇಲಕ್ಕೆ ಎಳೆಯುತ್ತದೆ, ಅಷ್ಟೆ. ಆದ್ದರಿಂದ ಬಿಸಿಲಿರುವ ದಿನ ನೋಡಿ ಕಟ್ಟಬೇಕು. ಮೋಡ ಮುಸುಕಿ ಮಳೆ ಹಿಡಿದಾಗ ಔಷಧಿ ಚೀಲದಲ್ಲೇ ಉಳಿದೀತು. ಸತ್ತ ಬೇರಂತೂ ಹನಿಯನ್ನೂ ಎಳೆಯದು. ಮರುದಿನ ಚೀಲ ತುಂಬಿಯೇ ಇದ್ದರೆ ಬೇರೆ ಬೇರು ಹುಡುಕುವುದೇ ಸರಿ. ಔಷಧಿಯ ಪ್ರಮಾಣ ಹೆಚ್ಚಿಸಿ ಫಲವಿಲ್ಲ.

ಇನ್ನೊಂದು ಹೋಲಿಕೆ ನಮ್ಮ ಕೊಟ್ಟಿಗೆಯಲ್ಲೇ ಇದೆ. ಕೆಚ್ಚಲು ಬಾವಿಗೆ ಸೂಜಿ ಹಾಕಿಸಿದ ಹಸುವಿನ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಕುಡಿಯುವುದಿಲ್ಲ, ಡೇರಿಗೂ ಹಾಕುವುದಿಲ್ಲ. ಬೇರಿಗೆ ಕೊಟ್ಟ ಔಷಧಿಯೂ ಎಳನೀರಿಗೆ ಸೇರಬಹುದಲ್ಲವೇ? ಇದು ಎಲ್ಲರಿಗೂ ಹೊಳೆಯುವುದಿಲ್ಲ. ಅಮೆರಿಕದ ಗಿಕ್, ಹೋಲಿಯೋಕ್ ಎಂಬ ಮನಶ್ಶಾಸ್ತ್ರಜ್ಞರು 1980ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದೇ ಕಂಡುಬಂತು: ನೆರವಾಗುವ ಕಥೆಯನ್ನು ಆಗತಾನೇ ಓದಿದ್ದವರಲ್ಲೂ ಬಹುಮಂದಿಗೆ, ಅದನ್ನು ಬಳಸಿ ಎಂದು ಸೂಚಿಸುವವರೆಗೆ ಹೊಸ ಸಮಸ್ಯೆಗೆ ಅದರ ನೆನಪೇ ಆಗಲಿಲ್ಲ.

ಆದ್ದರಿಂದ ಬಲಿತ ಕಾಯಿ, ಎಳನೀರು ಎರಡನ್ನೂ ಮೊದಲೇ ಇಳಿಸಿಕೊಂಡು ಔಷಧಿ ಕೊಡಿ; ಅನಂತರ 45 ದಿನ ಕೊಯ್ಯಬೇಡಿ. ಹಿಂದೆ ಬೇರಿಗೆ ಕೊಡುತ್ತಿದ್ದ ಮೊನೊಕ್ರೊಟೊಫಾಸ್ ಕಡು ವಿಷ, ಹಳೆಯ ಡಬ್ಬಿ ಮನೆಯಲ್ಲಿದ್ದರೂ ಮುಟ್ಟಬೇಡಿ. ಸಂದೇಹವಿದ್ದರೆ ತಿಪಟೂರು ತಾಲ್ಲೂಕು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಔಷಧಿ ಕೊಟ್ಟ ಮರದ ಮೇಲೆ ಸುಣ್ಣದಲ್ಲಿ ತಾರೀಖು ಬರೆದರೆ ಕಾಯಿ ಕೀಳಲು ಬಂದವನಿಗೂ ತಿಳಿಯುತ್ತದೆ.