ಮಗುವಿನ ಇನ್ಸುಲಿನ್ನೂ ಶಾಲೆಯ ದಾದಿಯೂ

ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುವುದುಂಟೆಂದರೆ ನಮ್ಮವರಲ್ಲಿ ಅನೇಕರು ಇಂದಿಗೂ ನಂಬುವುದಿಲ್ಲ. “ಬಹಳ ಸಿಹಿ ತಿನ್ನಿಸಿದಿರೇನು?” ಎಂದು ತಾಯಿಯನ್ನೇ ಕೇಳುವ ಹಿರಿಯರೂ ಇದ್ದಾರೆ. ಇದು ಸಿಹಿ ತಿಂದು ಬರುವ ಬೇನೆಯಲ್ಲ. ದೇಹವನ್ನು ಕಾಯಬೇಕಾದ ಶಕ್ತಿಯೇ ದಾರಿತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುವುದರಿಂದ ಬರುವಂಥದು. ಹಾಗಲಕಾಯಿ ರಸವಾಗಲಿ ಪಥ್ಯವಾಗಲಿ ಇನ್ಸುಲಿನ್ನಿನ ಬದಲಿಗೆ ಒದಗದು. 1922ನೆಯ ಜನವರಿ 11ರಂದು ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಬಾಲಕನಿಗೆ ಅದರ ಮೊದಲ ಸೂಜಿ ಕೊಟ್ಟರು. ಅದಕ್ಕೂ ಹಿಂದೆ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಈಗ ಬದುಕುತ್ತಾರೆ, ಆಡುತ್ತಾರೆ, ಶಾಲೆಗೂ ಹೋಗುತ್ತಾರೆ. ತಾಯ್ತಂದೆಗಳ ಚಿಂತೆ ಆ ಶಾಲೆಯ ವೇಳೆಯದೇ.

ಏಕೆಂದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಒಂದು ಸೂಜಿ ಬೀಳಲೇಬೇಕು. ಊರಿನಲ್ಲಾದರೆ ಅಜ್ಜಿಯೋ ಸೋದರತ್ತೆಯೋ ನಡೆದುಹೋಗಿ ಕೊಟ್ಟು ಬಂದಾರು. ಪುಣೆಯಲ್ಲಿ ಗಂಡಹೆಂಡಿರಿಬ್ಬರೂ ಕಚೇರಿಗೆ ಹೋಗುವ ನಮ್ಮಂಥ ಸಂಸಾರಕ್ಕೆ ಆ ಅನುಕೂಲವೆಲ್ಲಿ? ನಮ್ಮ ಮಗಳು ಮೂರನೆಯ ಇಯತ್ತೆಯಲ್ಲಿದ್ದಾಳೆ. ಅವಳ ಶಾಲೆಯ ದಾದಿ ಕೇರಳದವರು. ನನ್ನ ಹೆಂಡತಿಗೆ ಅವರ ಮೇಲೆ ಕೂಡಲೇ ನಂಬಿಕೆ ಬರಲಿಲ್ಲ. ಎರಡು ವಾರ ರಜೆ ಹಾಕಿ ತಾನೇ ಹೋಗಿ ಸೂಜಿ ಕೊಟ್ಟು ಬಂದಳು.

ನಾನು ಗುಮಾಸ್ತ. ಬಾಯಿಮಾತಿನ ಅಪ್ಪಣೆಯ ಮೇಲೆ ಕಡತ ಸರಿಯುವುದಿಲ್ಲವೆಂಬುದನ್ನು ದಿನವೂ ಕಾಣುವವನು. ದಾದಿಗೆ “ಸ್ವಲ್ಪ ನೋಡಿಕೊಳ್ಳಿ” ಎಂದರೆ ಅವರೇನು ಮಾಡಿಯಾರು? ಇನ್ಸುಲಿನ್ ಹೆಚ್ಚಾದರೆ ಮಗುವಿನ ಪ್ರಾಣಕ್ಕೇ ಸಂಚಕಾರ. ವೈದ್ಯರ ಸಹಿಯುಳ್ಳ ಹಾಳೆಯೊಂದನ್ನು ಕೈಗಿತ್ತ ದಿನವೇ ಅವರು ನಿಶ್ಚಿಂತೆಯಿಂದ ಮಾತನಾಡಿದ್ದು. ರಕ್ತದಲ್ಲಿ ಸಕ್ಕರೆ ಎಷ್ಟಿದ್ದರೆ ಎಷ್ಟು ಯೂನಿಟ್ಟು ಎಂದು ಅದರಲ್ಲಿದೆ. 70ಕ್ಕಿಂತ ಇಳಿದರೆ ಮೊದಲು ಗ್ಲೂಕೋಸು, 15 ನಿಮಿಷದ ಮೇಲೆ ಮರುಪರೀಕ್ಷೆ. ದೊಡ್ಡ ಮಕ್ಕಳಿಗೆ ಸಾಮಾನ್ಯವಾಗಿ 15 ಗ್ರಾಂ, ಚಿಕ್ಕವರಿಗೆ ತೂಕ ನೋಡಿ ಕಡಿಮೆ. ಚಾಕಲೇಟು, ಪೇಡೆ ಆಗ ಕೆಲಸಕ್ಕೆ ಬಾರವು. ಅವುಗಳಲ್ಲಿನ ಕೊಬ್ಬು ಸಕ್ಕರೆಯನ್ನು ತಡಮಾಡುತ್ತದೆ. ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ ಆಂಬುಲೆನ್ಸ್ ಕರೆಯಬೇಕು. ಸುಸ್ತೆಂದ ಮಗುವನ್ನು ತರಗತಿಯಿಂದ ಒಂಟಿಯಾಗಿ ಕಳುಹಿಸಕೂಡದು.

ಇನ್ನು ಬುತ್ತಿಯ ಸಂಗತಿ. ಚಪಾತಿಯ ಲೆಕ್ಕ ದಾದಿಗೆ ಗೊತ್ತು, ನಮ್ಮ ಅಕ್ಕಿರೊಟ್ಟಿಯದು ಗೊತ್ತಿಲ್ಲ. ಅಕ್ಕಿಹಿಟ್ಟಿನಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಪಿಷ್ಟವೇ ಇರುವುದರಿಂದ 40 ಗ್ರಾಂ ಹಿಟ್ಟಿನ ರೊಟ್ಟಿಗೆ ಸುಮಾರು 30 ಗ್ರಾಂ ಎಂದು ಹಿಡಿಯಬೇಕು. ನನ್ನ ಹೆಂಡತಿ ತೂಗಿ, ಚೀಟಿ ಬರೆದು ಡಬ್ಬಿಯ ಮುಚ್ಚಳಕ್ಕೆ ಅಂಟಿಸುತ್ತಾಳೆ. ಸೂಜಿಯಾದ ಮೇಲೆ ಹುಡುಗಿ ರೊಟ್ಟಿಯನ್ನು ಗೆಳತಿಗೆ ಹಂಚಿಬಿಟ್ಟರೆ (ಹಂಚುವುದನ್ನು ನಾವೇ ಕಲಿಸಿರುತ್ತೇವೆ!) ಒಂದೆರಡು ಗಂಟೆಯಲ್ಲಿ ಸಕ್ಕರೆ ಇಳಿದೀತು. ಆದುದರಿಂದ ದಾದಿ ಖಾಲಿ ಡಬ್ಬಿಯನ್ನೂ ನೋಡುತ್ತಾರೆ.

ಭಾಷೆಯ ತೊಡಕೂ ಉಂಟು. ಶಾಲೆಯಲ್ಲಿ ಇಂಗ್ಲಿಷು, ಆಟದಲ್ಲಿ ಮರಾಠಿ. ಆದರೆ ಸಕ್ಕರೆ ಇಳಿದಾಗ ನಮ್ಮ ಹುಡುಗಿಯ ಬಾಯಲ್ಲಿ ಬರುವುದು “ತಲೆ ಗಿರ್ರಂತದೆ”, “ಕೈ ನಡುಗ್ತದೆ” ಎಂಬ ಮನೆಮಾತು. ದಾದಿ ಆ ಮಾತುಗಳನ್ನು ಮಲಯಾಳದ ಲಿಪಿಯಲ್ಲಿ ಬರೆದು ಔಷಧದ ಕಪಾಟಿಗೆ ಅಂಟಿಸಿಕೊಂಡಿದ್ದಾರೆ.

ಕಳೆದ ಚಳಿಗಾಲದಲ್ಲಿ ಓಟದ ಪಂದ್ಯದ ದಿನ ಸಕ್ಕರೆ 58ಕ್ಕೆ ಇಳಿಯಿತು. ನಮಗೆ ಫೋನು ಬಂದದ್ದು ಎಲ್ಲ ಮುಗಿದು 96 ಆದ ಮೇಲೆ. “ಮೊದಲೇ ಏಕೆ ತಿಳಿಸಲಿಲ್ಲ?” ಎಂದು ನನ್ನ ಹೆಂಡತಿ ಸಿಡುಕಿದಳು. “ನಿಮ್ಮೊಡನೆ ಮಾತನಾಡುತ್ತ ನಿಂತಿದ್ದರೆ ಗ್ಲೂಕೋಸು ಕೊಡುವವರು ಯಾರು?” ಎಂದರು ಆಕೆ. ಮರುದಿನದಿಂದ ಗಂಟೆಗೊಮ್ಮೆ ಶಾಲೆಗೆ ಫೋನು ಮಾಡುವುದು ನಿಂತಿತು.

ದಾದಿಯೇ ಇಲ್ಲದ ಶಾಲೆಗಳು ನಮ್ಮ ದೇಶದಲ್ಲಿ ಬೇಕಾದಷ್ಟಿವೆ. ಅಲ್ಲಿ ಉಪಾಧ್ಯಾಯಿನಿಯೊಬ್ಬರಿಗೆ ವೈದ್ಯರ ಬಳಿ ತರಬೇತು ಕೊಡಿಸಬೇಕಾಗುತ್ತದೆ. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯು 2017ರಲ್ಲಿ ಇಂಥ ವಿದ್ಯಾರ್ಥಿಗಳು ಪರೀಕ್ಷೆಯ ಕೋಣೆಗೆ ಸಕ್ಕರೆ ಗುಳಿಗೆ, ಹಣ್ಣು ಒಯ್ಯಲು ಒಪ್ಪಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2023ರಲ್ಲಿ, ತರಗತಿಯ ವೇಳೆ ಪರೀಕ್ಷೆ, ಇನ್ಸುಲಿನ್, ತಿಂಡಿಗಳಿಗೆ ಅವಕಾಶವಿರಬೇಕೆಂದು ರಾಜ್ಯಗಳಿಗೆ ಬರೆಯಿತು. ಮುಖ್ಯೋಪಾಧ್ಯಾಯರು ತಡವರಿಸಿದರೆ ಈ ಪತ್ರದ ಪ್ರಸ್ತಾಪ ಮಾಡಬಹುದು.

ದಾದಿ ರಜೆಯ ಮೇಲಿದ್ದರೆ? ಹಾಳೆಯ ಕೆಳಗೆ ಎರಡನೆಯ ಹೆಸರು ವ್ಯಾಯಾಮದ ಬಾಯಿಯವರದು. ಬರುವ ಜೂನ್ ತಿಂಗಳಿನಲ್ಲಿ ಮಗಳ ತೂಕ ಬದಲಾಗಿರುತ್ತದೆ, ಪ್ರಮಾಣವೂ ಬದಲಾಗುತ್ತದೆ. ಹೊಸ ಹಾಳೆಗೆ ವೈದ್ಯರ ಸಹಿ ತರಬೇಕು.